ಕೈತೋಟ ಪ್ರಶ್ನೋತ್ತರ: ಬೇಲಿಯ ಲಾರೆಲ್, ಅಡುಗೆಯ ಲಾರೆಲ್

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಲಾರೆಲ್ ಗಿಡವನ್ನು ಕುರಿತವು. ಬಹುಪಾಲು ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಬಂದಿದ್ದು, ಒಂದೆರಡಕ್ಕೆ ಮಾತ್ರ ನಮ್ಮ ನಾಡಿನ ನಂಟಿದೆ. ಉತ್ತರಗಳಿಗೆ ಹೋಗುವ ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅಗತ್ಯ. ಸಸ್ಯಶಾಸ್ತ್ರದ ಪ್ರಕಾರ ಲಾರೆಲ್ ಎಂಬ ಹೆಸರಿಗೆ ಮೊದಲ ಹಕ್ಕುಳ್ಳದ್ದು ಮೆಡಿಟರೇನಿಯನ್ ಸೀಮೆಯ ಲಾರಸ್ ನೊಬಿಲಿಸ್. ಗ್ರೀಕರೂ ರೋಮನ್ನರೂ ಗೆದ್ದವರ ತಲೆಗೆ ಮುಡಿಸುತ್ತಿದ್ದ ಹಸಿರು ಕಿರೀಟ ಈ ಗಿಡದ ಎಲೆಯದು, ನೊಬೆಲ್ ಪುರಸ್ಕೃತರನ್ನು ಲಾರಿಯೇಟ್ ಎಂದು ಕರೆಯುವುದೂ ಅದರಿಂದಲೇ. ಉಳಿದ ಲಾರೆಲ್‌ಗಳೆಲ್ಲ ದಪ್ಪನೆಯ, ಹೊಳಪಿನ, ವರ್ಷವಿಡೀ ಉದುರದ ಎಲೆಯ ಹೋಲಿಕೆಯೊಂದರಿಂದಲೇ ಆ ಹೆಸರನ್ನು ಪಡೆದವು. ಅವುಗಳ ಕುಲ ಬೇರೆ, ಗುಣ ಬೇರೆ, ಕೆಲವಂತೂ ವಿಷದ ಗಿಡಗಳು. ಈ ಹೆಸರಿನ ಗೊಂದಲ ಅಡುಗೆಮನೆಯವರೆಗೂ ಬರುತ್ತಿದೆ ಎಂಬುದು ಮೊದಲ ಪತ್ರದಿಂದಲೇ ತಿಳಿಯುತ್ತದೆ.

ಪ್ರಶ್ನೆ: ಮೈಸೂರಿನಿಂದ ನಮ್ಮ ಅತ್ತೆಯವರು ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಾರೆ. ನಮ್ಮ ಹಿತ್ತಿಲ ಬೇಲಿಯ ಗಿಡ ಲಾರೆಲ್ ಎಂದು ಪಕ್ಕದ ಮನೆಯವರು ಹೇಳಿದ್ದರು. ಅಂಗಡಿಯ ಪೊಟ್ಟಣದಲ್ಲಿ ಬರುವ ಬೇ ಲೀಫ್ ಎಂದರೆ ಲಾರೆಲ್ ಎಲೆಯೇ ಎಂದು ಎಲ್ಲೋ ಓದಿದ್ದ ಅತ್ತೆಯವರು, ಮನೆಯಲ್ಲೇ ಇರುವಾಗ ದುಡ್ಡು ಕೊಟ್ಟು ತರುವುದೇಕೆ ಎಂದು ಎರಡು ಎಲೆ ಕಿತ್ತು ಪಲಾವಿಗೆ ಹಾಕಲು ಹೊರಟಿದ್ದರು. ನನಗೇಕೋ ಅನುಮಾನ ಬಂದು ತಡೆದೆ. ನಾನು ಮಾಡಿದ್ದು ಸರಿಯೇ? — ಓದುಗರೊಬ್ಬರು, ಮಿಲ್ಟನ್ ಕೀನ್ಸ್, ಇಂಗ್ಲೆಂಡ್

ಉತ್ತರ: ನೀವು ತಡೆದದ್ದು ಸರಿ, ಒಳ್ಳೆಯ ಕೆಲಸ ಮಾಡಿದಿರಿ. ಇಂಗ್ಲೆಂಡಿನ ಮನೆಗಳ ಸುತ್ತ ಬೇಲಿಯಾಗಿ ಬೆಳೆಸುವ ಲಾರೆಲ್ ಹೆಚ್ಚಾಗಿ ಚೆರ್ರಿ ಲಾರೆಲ್, ಅಂದರೆ ಪ್ರೂನಸ್ ಲಾರೋಸೆರಾಸಸ್. ಅದು ಗುಲಾಬಿಯ ಕುಟುಂಬಕ್ಕೆ ಸೇರಿದ್ದು, ಚೆರ್ರಿ, ಬಾದಾಮಿ, ಪೀಚ್‌ಗಳ ಹತ್ತಿರದ ಬಂಧು. ಅಡುಗೆಯ ಲಾರೆಲ್‌ಗೂ ಅದಕ್ಕೂ ಯಾವ ರಕ್ತಸಂಬಂಧವೂ ಇಲ್ಲ. ಚೆರ್ರಿ ಲಾರೆಲ್‌ನ ಎಲೆ ಮತ್ತು ಬೀಜಗಳಲ್ಲಿರುವ ರಾಸಾಯನಿಕಗಳು ಎಲೆಯನ್ನು ಜಜ್ಜಿದಾಗ ಅಥವಾ ಅಗಿದಾಗ ಒಡೆದು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವನ್ನು ಬಿಡುತ್ತವೆ. ಉತ್ತರ ಕರ್ನಾಟಕದ ರೈತರಿಗೆ ಇದು ಹೊಸ ಸಂಗತಿಯಲ್ಲ: ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರನ್ನು ಮೇಯ್ದ ದನ ಹೊಟ್ಟೆಯುಬ್ಬರಿಸಿ ಏದುಸಿರು ಬಿಡುತ್ತಾ ಬಿದ್ದುಬಿಡುವುದಕ್ಕೆ ಕಾರಣವಾದ ವಿಷವೂ ಇದೇ. ಕೀಟಗಳನ್ನು ಸಂಗ್ರಹಿಸುವವರು ಹಿಂದೆ ಚಿಟ್ಟೆಗಳ ರೆಕ್ಕೆ ಮುರಿಯದಂತೆ ಅವುಗಳನ್ನು ಸಾಯಿಸಲು ಗಾಜಿನ ಜಾಡಿಯ ತಳದಲ್ಲಿ ಜಜ್ಜಿದ ಚೆರ್ರಿ ಲಾರೆಲ್ ಎಲೆಗಳನ್ನು ಹಾಸುತ್ತಿದ್ದರು ಎಂದರೆ ಅದರ ಶಕ್ತಿ ಎಷ್ಟೆಂಬುದು ಅರ್ಥವಾದೀತು.

ಇಂಗ್ಲೆಂಡಿನ ನ್ಯಾಯಾಲಯಗಳ ಚರಿತ್ರೆಯಲ್ಲೂ ಈ ಎಲೆಗೆ ಒಂದು ಕರಾಳ ಜಾಗವಿದೆ. ವಾರ್ವಿಕ್‌ಷೈರ್‌ನ ಯುವ ಶ್ರೀಮಂತ ಸರ್ ಥಿಯೋಡೋಷಿಯಸ್ ಬೌಟನ್ 1780ರಲ್ಲಿ ಔಷಧಿ ಕುಡಿದ ಕೆಲವೇ ನಿಮಿಷಗಳಲ್ಲಿ ಸತ್ತಾಗ, ಸೀಸೆಯಿಂದ ಕಹಿಬಾದಾಮಿಯ ವಾಸನೆ ಬರುತ್ತಿತ್ತೆಂದು ಆತನ ತಾಯಿ ಸಾಕ್ಷ್ಯ ನುಡಿದರು. ಔಷಧಿಯ ಬದಲು ಲಾರೆಲ್ ಎಲೆಯ ಬಟ್ಟಿ ಇಳಿಸಿದ ನೀರನ್ನು ಇಟ್ಟಿದ್ದನೆಂಬ ಆರೋಪದ ಮೇಲೆ ಆತನ ಸೋದರಿಯ ಗಂಡ ಜಾನ್ ಡೊನೆಲನ್‌ನನ್ನು 1781ರಲ್ಲಿ ಗಲ್ಲಿಗೇರಿಸಲಾಯಿತು.

ಇನ್ನು ಗುರುತಿನ ಮಾತು. ಬೇಲಿಯಿಂದ ಒಂದು ಎಲೆಯನ್ನು ಕಿತ್ತು ಹಿಂಬದಿಗೆ ತಿರುಗಿಸಿ ನೋಡಿ. ಚೆರ್ರಿ ಲಾರೆಲ್ ಆಗಿದ್ದರೆ, ತೊಟ್ಟು ಎಲೆಯನ್ನು ಸೇರುವ ಜಾಗದ ಬಳಿ, ನಡುನರದ ಅಕ್ಕಪಕ್ಕದಲ್ಲಿ, ಸಾಸಿವೆಗಿಂತ ಚಿಕ್ಕದಾದ, ಬೆವರುಗುಳ್ಳೆಯಂತಹ ಎರಡೋ ನಾಲ್ಕೋ ಚುಕ್ಕೆಗಳು ಕಾಣುತ್ತವೆ. ಅವು ಸಿಹಿರಸ ಸ್ರವಿಸುವ ಗ್ರಂಥಿಗಳು. ಎಳೆಯ ಎಲೆಯಲ್ಲಿ ಅವುಗಳ ಸುತ್ತ ಇರುವೆಗಳೂ ಇರಬಹುದು. ಎಲೆ ಒಂದು ಗೇಣಿನ ಹತ್ತಿರ ಉದ್ದವಿದ್ದು, ಅಂಚಿನಲ್ಲಿ ವಿರಳವಾದ ಸಣ್ಣ ಹಲ್ಲುಗಳಿರುತ್ತವೆ; ಹರಿದರೆ ಕಹಿಬಾದಾಮಿಯ ವಾಸನೆ ಹೊಮ್ಮುತ್ತದೆ. ಅಡುಗೆಯ ಲಾರೆಲ್‌ನ ಎಲೆ ಇದಕ್ಕಿಂತ ಚಿಕ್ಕದು, ಸಾಮಾನ್ಯವಾಗಿ 6ರಿಂದ 12 ಸೆಂಟಿಮೀಟರ್. ಅದರ ಬಣ್ಣ ಮಂದ, ಅಂಚು ಅಲೆಯಲೆಯಾಗಿರುತ್ತದೆ, ಹಿಂಬದಿಯಲ್ಲಿ ಆ ಗ್ರಂಥಿಗಳಿರುವುದಿಲ್ಲ. ಮುರಿದರೆ ನೀಲಗಿರಿ ಎಣ್ಣೆಯನ್ನು ನೆನಪಿಸುವ ಘಾಟು ಪರಿಮಳ ಬರುತ್ತದೆ. ಇಷ್ಟಾದರೂ ಮೂಗೊಂದನ್ನೇ ನಂಬಿ ಅಡುಗೆಗೆ ಇಳಿಯಬೇಡಿ. ಸಸಿಯನ್ನು ಕೊಂಡಾಗ ಚೀಟಿಯಲ್ಲಿ ಲಾರಸ್ ನೊಬಿಲಿಸ್ ಎಂಬ ಲ್ಯಾಟಿನ್ ಹೆಸರು ಇದ್ದ ಗಿಡದ ಎಲೆಯನ್ನು ಮಾತ್ರ ಪಾತ್ರೆಗೆ ಹಾಕಿ.

ಅತ್ತೆಯವರ ತಪ್ಪೂ ಇಲ್ಲಿ ಏನಿಲ್ಲ. ಭಾರತೀಯ ದಿನಸಿ ಅಂಗಡಿಗಳಲ್ಲಿ ಬೇ ಲೀಫ್ ಎಂದು ಮಾರುವ ನಮ್ಮ ಪಲಾವ್ ಎಲೆ ವಾಸ್ತವದಲ್ಲಿ ಮೂರನೆಯದೇ ಒಂದು ಗಿಡದ್ದು: ಹಿಮಾಲಯದ ತಪ್ಪಲಿನ ತೇಜಪತ್ರೆ, ದಾಲ್ಚಿನ್ನಿಯ ಸೋದರ. ಅದರ ಎಲೆಯಲ್ಲಿ ಬುಡದಿಂದ ತುದಿಯವರೆಗೆ ಓಡುವ ಮೂರು ನರಗಳು ಎದ್ದು ಕಾಣುತ್ತವೆ. ಯುರೋಪಿನ ಲಾರೆಲ್ ಎಲೆಯಲ್ಲಿ ಒಂದೇ ನಡುನರವಿದ್ದು ಉಳಿದವು ಅಡ್ಡಕ್ಕೆ ಕವಲೊಡೆದಿರುತ್ತವೆ. ತೇಜಪತ್ರೆಯನ್ನು ಬೇ ಎಂದು, ಬೇಯನ್ನು ಲಾರೆಲ್ ಎಂದು, ಲಾರೆಲ್ ಎಂದರೆ ಬೇಲಿಯ ಗಿಡವೆಂದು ಮೂರು ಹೆಜ್ಜೆಗಳಲ್ಲಿ ಹೆಸರು ಜಾರುತ್ತಾ ಬಂದದ್ದೇ ಈ ಅಪಾಯದ ಮೂಲ. ಯಾರಾದರೂ ಬೇಲಿಯ ಎಲೆಯನ್ನೋ ಬೀಜವನ್ನೋ ಅಗಿದು ನುಂಗಿ, ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಕೂಡಲೇ ಅಲ್ಲಿನ ತುರ್ತು ಸೇವೆಯ 999ಕ್ಕೆ ಕರೆ ಮಾಡಿ. ಲಕ್ಷಣಗಳು ಇಲ್ಲದಿದ್ದರೂ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ ಸಲಹೆ ಪಡೆಯಿರಿ. ಎಲೆಯ ಮಾದರಿಯೊಂದನ್ನು ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಕಳೆದ ವರ್ಷ ಕೊಂಡ ನಮ್ಮ ಮನೆಯ ಹಿಂಬದಿಯಲ್ಲಿ 15 ಮೀಟರ್ ಉದ್ದದ ಮರದ ಬೇಲಿ ಶಿಥಿಲವಾಗಿದೆ. ಅದರ ಜಾಗದಲ್ಲಿ ಹಸಿರು ಬೇಲಿ ಬೆಳೆಸಬೇಕೆಂದಿದ್ದೇವೆ. ನರ್ಸರಿಯವರು ಚೆರ್ರಿ ಲಾರೆಲ್ ಬೇಗ ಬೆಳೆಯುತ್ತದೆ, ಪೋರ್ಚುಗೀಸ್ ಲಾರೆಲ್ ಚೆನ್ನಾಗಿ ಕಾಣುತ್ತದೆ ಎಂದರು. ಮಣ್ಣು ಬಿಳಿ ಸುಣ್ಣಕಲ್ಲು ಬೆರೆತದ್ದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಯಾವುದನ್ನು ಆರಿಸಿಕೊಳ್ಳಬೇಕು? — ಓದುಗರೊಬ್ಬರು, ರೆಡಿಂಗ್, ಇಂಗ್ಲೆಂಡ್

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಬಿಳಿ ಸುಣ್ಣಕಲ್ಲಿನ ಮಣ್ಣೆಂದರೆ ನಾನು ಹಿಂದುಮುಂದು ನೋಡದೆ ಪೋರ್ಚುಗೀಸ್ ಲಾರೆಲ್ ಎನ್ನುತ್ತೇನೆ. ರೆಡಿಂಗ್‌ನ ಉತ್ತರಕ್ಕಿರುವ ಚಿಲ್ಟರ್ನ್ ಬೆಟ್ಟಗಳೆಲ್ಲ ಈ ಬಿಳಿ ಕಲ್ಲಿನವೇ. ಅಂತಹ ತೆಳುವಾದ, ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಚೆರ್ರಿ ಲಾರೆಲ್‌ನ ಬೇರು ಕಬ್ಬಿಣದಂಶವನ್ನು ಹೀರಿಕೊಳ್ಳಲಾರದೆ, ನರಗಳು ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ನಾನು ತೋಟದ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇಂತಹ ಬೇಲಿಯೊಂದಕ್ಕೆ ಎರಡು ವರ್ಷ ಗೊಬ್ಬರ ಸುರಿದು ಸೋತಿದ್ದೇನೆ. ಕೊನೆಗೆ ಗಿಡಗಳನ್ನು ಕಿತ್ತು ಅದೇ ಸಾಲಿನಲ್ಲಿ ಪೋರ್ಚುಗೀಸ್ ಲಾರೆಲ್ ನೆಟ್ಟ ಮೇಲೆ ಬೇಲಿ ಚೇತರಿಸಿಕೊಂಡಿತು.

ಪೋರ್ಚುಗೀಸ್ ಲಾರೆಲ್, ಅಂದರೆ ಪ್ರೂನಸ್ ಲೂಸಿಟಾನಿಕ, ಪೋರ್ಚುಗಲ್, ಸ್ಪೇನ್, ಮೊರಾಕ್ಕೊಗಳ ಗಿಡ. ಎಲೆ ಕಡುಹಸಿರು, ಚೆರ್ರಿ ಲಾರೆಲ್‌ನ ಎಲೆಗಿಂತ ಸಣ್ಣದು ಮತ್ತು ತೆಳುವು. ಅದರ ಚೆಲುವೆಲ್ಲ ಎಳೆಯ ಕಡ್ಡಿ ಮತ್ತು ತೊಟ್ಟುಗಳ ಕೆಂಪಿನಲ್ಲಿದೆ. ಬೆಳಗಿನ ಬಿಸಿಲು ಅಡ್ಡಲಾಗಿ ಬಿದ್ದಾಗ ಕುಂಕುಮದ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತದೆ. ಜೂನ್ ತಿಂಗಳಲ್ಲಿ ಗೇಣುದ್ದದ ಬಿಳಿ ಹೂಗೊಂಚಲುಗಳು ಬಿಟ್ಟು ಜೇನ್ನೊಣಗಳು ಮುತ್ತುತ್ತವೆ. ಚಳಿ ತಡೆಯುವುದರಲ್ಲಿಯೂ ಇದು ಚೆರ್ರಿ ಲಾರೆಲ್‌ಗಿಂತ ಗಟ್ಟಿ. ಇರುವ ಒಂದೇ ಕೊರತೆ ನಿಧಾನ: ಚೆರ್ರಿ ಲಾರೆಲ್ ಒಳ್ಳೆಯ ಮಣ್ಣಿನಲ್ಲಿ ವರ್ಷಕ್ಕೆ 30ರಿಂದ 60 ಸೆಂಟಿಮೀಟರ್ ಏರಿದರೆ ಇದು ಅಷ್ಟು ಅವಸರ ಮಾಡುವುದಿಲ್ಲ. ಆದರೆ ಬೇಗ ಬೆಳೆಯುವ ಬೇಲಿ ಎಂದರೆ ಬೇಗ ಬೇಗ ಸವರಬೇಕಾದ ಬೇಲಿ ಎಂಬುದನ್ನು ನರ್ಸರಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಜಾಗ ಚಿಕ್ಕದಿದ್ದರೆ ಇದರಲ್ಲೇ 'ಮಿರ್ಟಿಫೋಲಿಯ' ಅಥವಾ 'ಅಂಗಸ್ಟಿಫೋಲಿಯ' ಎಂದು ಮಾರುವ, ಒತ್ತಾಗಿ ಬೆಳೆಯುವ ಸಣ್ಣೆಲೆಯ ತಳಿಯನ್ನು ಕೇಳಿ.

ಮಕ್ಕಳ ವಿಷಯ. ಪೋರ್ಚುಗೀಸ್ ಲಾರೆಲ್ ಕೂಡ ಪ್ರೂನಸ್ ಕುಲದ್ದೇ ಆದ್ದರಿಂದ ಅದರ ಎಲೆ ಮತ್ತು ಬೀಜವೂ ವಿಷವೇ. ಈ ಕಾರಣಕ್ಕೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಪ್ರಶ್ನೆ ಬರುವುದಿಲ್ಲ. ಎಲೆ ಕಹಿಯಾದ್ದರಿಂದ ಮಕ್ಕಳು ತಿನ್ನುವುದು ಅಪರೂಪ, ಆದರೆ ಕಪ್ಪಗೆ ಹೊಳೆಯುವ ಹಣ್ಣು ಸೆಳೆಯುತ್ತದೆ. ಟರ್ಕಿಯ ಕಪ್ಪುಸಮುದ್ರದ ತೀರದಲ್ಲಿ ಚೆರ್ರಿ ಲಾರೆಲ್‌ನ ಪೂರ್ತಿ ಕಳಿತ ಹಣ್ಣಿನ ತಿರುಳನ್ನು ತಿನ್ನುವ ರೂಢಿಯಿದೆ, ಬೀಜವನ್ನು ಮಾತ್ರ ತಿನ್ನುವುದಿಲ್ಲ; ಆ ವಿವೇಚನೆಯನ್ನು ಮೂರು ವರ್ಷದ ಮಗುವಿನಿಂದ ನಿರೀಕ್ಷಿಸಲಾಗದು. ಹೂ ಮುಗಿದ ಕೂಡಲೇ ಬೇಲಿಯನ್ನು ಸವರಿದರೆ ಹಣ್ಣು ಕಟ್ಟುವುದೇ ಬಹಳಷ್ಟು ಕಡಿಮೆಯಾಗುತ್ತದೆ.

ನೆಡಲು ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಆಗ ನೆಲದಿಂದ ಅಗೆದು ತೆಗೆದ ಸಸಿಗಳು ಕುಂಡದ ಸಸಿಗಳಿಗಿಂತ ಕಡಿಮೆ ಬೆಲೆಗೆ ದೊರೆಯುತ್ತವೆ. ಸಸಿಯಿಂದ ಸಸಿಗೆ 75 ಸೆಂಟಿಮೀಟರ್ ಅಂತರವಿಟ್ಟರೆ ನಿಮ್ಮ 15 ಮೀಟರಿಗೆ 20 ಸಸಿಗಳು ಸಾಕು. ಬೇಲಿ ಬಲಿತಾಗ ಅಡ್ಡಕ್ಕೆ ಒಂದು ಮೀಟರಿಗೂ ಮೀರಿ ಹರಡುತ್ತದೆ. ಆದ್ದರಿಂದ ಗಡಿಗೆರೆಯ ಮೇಲೆಯೇ ನೆಡದೆ, ನಿಮ್ಮ ಕಡೆಗೆ ಕನಿಷ್ಠ 60 ಸೆಂಟಿಮೀಟರ್ ಒಳಕ್ಕೆ ನೆಡಿ. ನೀರು ನಿಲ್ಲುವ ಜಾಗವನ್ನು ಎರಡು ಲಾರೆಲ್‌ಗಳೂ ಸಹಿಸುವುದಿಲ್ಲ. ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆ ಬುಡ ತೊಯ್ಯುವಂತೆ ನೀರು ಹನಿಸಿ, ಕೊಳೆತ ಎಲೆಗೊಬ್ಬರದ ದಪ್ಪ ಹೊದಿಕೆ ಹಾಕಿದರೆ ಕಳೆಯ ಕಾಟವೂ ತಗ್ಗುತ್ತದೆ.

ಸವರುವಾಗ ಯಂತ್ರದ ಕತ್ತರಿಯನ್ನು ಬಿಟ್ಟು ಕೈಕತ್ತರಿಯನ್ನು ಹಿಡಿಯಿರಿ ಎಂದು ಬೇಡಿಕೊಳ್ಳುತ್ತೇನೆ. ಯಂತ್ರ ದೊಡ್ಡ ಎಲೆಗಳನ್ನು ನಡುವಿಗೆ ಕತ್ತರಿಸುತ್ತದೆ. ಕತ್ತರಿಸಿದ ಅಂಚು ಒಂದು ವಾರದಲ್ಲಿ ಕಂದಾಗಿ, ಸುಟ್ಟ ಕಾಗದದ ಚೂರುಗಳನ್ನು ಸಿಕ್ಕಿಸಿದಂತೆ ಇಡೀ ಬೇಲಿ ಕಾಣುತ್ತದೆ. ಕಡ್ಡಿಯನ್ನು ಎಲೆಯ ಬುಡದವರೆಗೆ ಒಂದೊಂದಾಗಿ ಕತ್ತರಿಸಿದರೆ ಗಾಯವೇ ಕಾಣುವುದಿಲ್ಲ. ಹಕ್ಕಿಗಳು ಗೂಡುಕಟ್ಟುವ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಕತ್ತರಿ ಹಾಕುವ ಮೊದಲು ಒಳಗೆ ಗೂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಕ್ಕಿ ವಾಸವಿರುವ ಗೂಡನ್ನು ಗೊತ್ತಿದ್ದೂ ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕತ್ತರಿಸಿದ ಹಸಿ ಕೊಂಬೆಗಳನ್ನು ಕಸದ ಕೇಂದ್ರಕ್ಕೆ ಕಾರಿನಲ್ಲಿ ಒಯ್ಯುವಾಗ ಕಿಟಕಿಗಳನ್ನು ತೆರೆದಿಡಿ. ಯಂತ್ರದಲ್ಲಿ ಪುಡಿ ಮಾಡುವುದಿದ್ದರೆ ಬಯಲಿನಲ್ಲೇ ಮಾಡಿ.

ಎತ್ತರದ ಬಗ್ಗೆಯೂ ಒಂದು ಮಾತು. ನಿತ್ಯಹಸಿರಿನ ಬೇಲಿ ಎರಡು ಮೀಟರಿಗಿಂತ ಎತ್ತರ ಬೆಳೆದು ನೆರೆಯವರ ಬೆಳಕಿಗೆ ಅಡ್ಡಿಯಾದರೆ, 2003ರ ಕಾಯ್ದೆಯೊಂದರ ಅನ್ವಯ ಅವರು ಸ್ಥಳೀಯ ಕೌನ್ಸಿಲ್‌ಗೆ ದೂರು ಕೊಡಬಹುದು. ಎರಡು ಮೀಟರ್ ದಾಟಿದ ಮಾತ್ರಕ್ಕೆ ತಪ್ಪೇನೂ ಅಲ್ಲ. ದೂರು ಬಂದರೆ ಕೌನ್ಸಿಲ್ ವಿಚಾರಿಸಿ ತೀರ್ಮಾನಿಸುತ್ತದೆ. ನೆಡುವ ಮೊದಲೇ ಪಕ್ಕದ ಮನೆಯವರನ್ನು ಚಹಾಕ್ಕೆ ಕರೆದು, ಎಷ್ಟು ಎತ್ತರಕ್ಕೆ ಬಿಡುತ್ತೀರೆಂದು ತಿಳಿಸಿಬಿಡಿ.

ಪ್ರಶ್ನೆ: ನಮ್ಮ ಚೆರ್ರಿ ಲಾರೆಲ್ ಬೇಲಿಯ ಎಲೆಗಳಲ್ಲಿ ಬಂದೂಕಿನ ಚರೆ ಹೊಡೆದಂತೆ ತೂತುಗಳು ಬಿದ್ದಿವೆ. ಹುಳು ಹುಡುಕಿದರೆ ಒಂದೂ ಸಿಗುವುದಿಲ್ಲ. ಯಾವ ಔಷಧಿ ಹೊಡೆಯಬೇಕು? — ಓದುಗರೊಬ್ಬರು, ಮ್ಯಾಂಚೆಸ್ಟರ್

ಉತ್ತರ: ಇದು ಹುಳುವಿನ ಕೆಲಸವಲ್ಲ, ರೋಗ. ಬ್ಯಾಕ್ಟೀರಿಯ ಅಥವಾ ಶಿಲೀಂಧ್ರ ತಗುಲಿದ ಜಾಗದಲ್ಲಿ ಮೊದಲು ಕಂದು ಚುಕ್ಕೆ ಮೂಡುತ್ತದೆ. ಗಿಡ ಆ ಚುಕ್ಕೆಯ ಸುತ್ತ ಗೆರೆ ಎಳೆದಂತೆ ಅದನ್ನು ಬೇರ್ಪಡಿಸುತ್ತದೆ. ಚುಕ್ಕೆ ಒಣಗಿ ಉದುರಿದಾಗ ದುಂಡನೆಯ ತೂತು ಉಳಿಯುತ್ತದೆ. ಎಳೆಯ ಎಲೆಗೆ ಬೂದಿರೋಗ ತಗುಲಿದರೂ ಎಲೆ ಮುರುಟಿ, ಬೆಳೆಯುತ್ತಾ ಹರಿದು ಚಿಂದಿಯಾಗುತ್ತದೆ. ಮಳೆ ಹೆಚ್ಚಿರುವ ನಿಮ್ಮ ಕಡೆ ಎರಡೂ ಸಾಮಾನ್ಯ. ಬಲಿತ ಬೇಲಿ ಇದರಿಂದ ಸಾಯುವುದಿಲ್ಲವಾದ್ದರಿಂದ ಔಷಧಿಯ ಅಗತ್ಯವಿಲ್ಲ. ಒಣ ಹವೆಯ ದಿನವೇ ಸವರಿ, ನೀರನ್ನು ಎಲೆಯ ಮೇಲೆ ಎರಚದೆ ಬುಡಕ್ಕೆ ಹಾಕಿ, ಉದುರಿದ ಎಲೆಗಳನ್ನು ಗುಡಿಸಿ ತೆಗೆಯಿರಿ. ವಸಂತದಲ್ಲಿ ಒಮ್ಮೆ ಗೊಬ್ಬರ ಕೊಟ್ಟರೆ ಹೊಸ ಚಿಗುರು ಹಳೆಯ ಎಲೆಗಳನ್ನು ಮುಚ್ಚುತ್ತದೆ.

ಪ್ರಶ್ನೆ: ಮನೆಯ ಉತ್ತರದ ಗೋಡೆಗೂ ದೊಡ್ಡದೊಂದು ಮರಕ್ಕೂ ನಡುವೆ ಬಿಸಿಲೇ ಕಾಣದ ಮೂಲೆಯಿದೆ. ಊರಿನ ಮನೆಯಂಗಳದಲ್ಲಿದ್ದ ಕ್ರೋಟನ್ ಗಿಡದಂತಹ ಬಣ್ಣದ ಎಲೆಯ ಗಿಡ ಅಲ್ಲಿ ಬೆಳೆಯಬಹುದೇ? ಸ್ನೇಹಿತರ ಮನೆಯ ಚುಕ್ಕೆ ಲಾರೆಲ್ ಇಷ್ಟವಾಯಿತು, ಆದರೆ ಅವರದರಲ್ಲಿ ಎಂದೂ ಹಣ್ಣು ಬಿಟ್ಟಿಲ್ಲವಂತೆ. — ಓದುಗರೊಬ್ಬರು, ಎಡಿನ್‌ಬರೋ

ಉತ್ತರ: ಚುಕ್ಕೆ ಲಾರೆಲ್ ಎಂದು ನೀವು ಕರೆದಿರುವುದು ಆಕ್ಯೂಬ ಜಪಾನಿಕ. ಜಪಾನ್, ಚೀನಾ, ಕೊರಿಯಾಗಳ ಕಾಡಿನ ನೆರಳಿನಲ್ಲಿ ಹುಟ್ಟಿ ಬೆಳೆದ ಈ ಗಿಡಕ್ಕೆ ನಿಮ್ಮ ಮೂಲೆ ತವರುಮನೆಯಿದ್ದಂತೆ. ಹಸಿರು ಎಲೆಯ ಮೇಲೆ ಅರಿಶಿನದ ಪುಡಿ ಚಿಮುಕಿಸಿದಂತೆ ಹಳದಿ ಚುಕ್ಕೆಗಳಿರುತ್ತವೆ. ನಿಮಗೆ ಊರಿನ ಕ್ರೋಟನ್ ನೆನಪಾದದ್ದು ಸಹಜ, ಏಕೆಂದರೆ ಅದರ ಒಂದು ತಳಿಯ ಹೆಸರೇ 'ಕ್ರೋಟೋನಿಫೋಲಿಯ', ಅಂದರೆ ಕ್ರೋಟನ್ ಎಲೆಯದು. ಮರದ ಬೇರುಗಳ ನಡುವಿನ ಒಣ ಮಣ್ಣು, ರಸ್ತೆಯ ಹೊಗೆ ಎರಡನ್ನೂ ತಡೆಯುತ್ತದೆ. ಬಿರುಬಿಸಿಲಿಗೆ ಇಟ್ಟರೆ ಮಾತ್ರ ಎಲೆ ಕಪ್ಪಾಗಿ ಸುಡುತ್ತದೆ.

ಹಣ್ಣು ಬಿಡದಿರುವುದರ ಹಿಂದೆ ಒಂದು ಹಳೆಯ ಕಥೆಯಿದೆ. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ನಮ್ಮ ಪರಂಗಿಯಲ್ಲಿ ಇರುವಂತೆಯೇ. ಜಾನ್ ಗ್ರೇಫರ್ ಎಂಬಾತ 1783ರಲ್ಲಿ ಇಂಗ್ಲೆಂಡಿಗೆ ತಂದದ್ದು ಚುಕ್ಕೆ ಎಲೆಯ ಹೆಣ್ಣು ಗಿಡವನ್ನು. ಕಡ್ಡಿ ನೆಟ್ಟು ಅದನ್ನೇ ದೇಶದ ತುಂಬ ಹಬ್ಬಿಸಿದರು. ಗಂಡು ಗಿಡವಿಲ್ಲದೆ ಸುಮಾರು 80 ವರ್ಷ ಇಂಗ್ಲೆಂಡಿನ ಒಂದು ಆಕ್ಯೂಬವೂ ಹಣ್ಣು ಬಿಡಲಿಲ್ಲ. ಚೀನಾದಿಂದ ಭಾರತಕ್ಕೆ ಚಹಾ ಸಸಿಗಳನ್ನು ತಂದ ರಾಬರ್ಟ್ ಫಾರ್ಚೂನ್ 1861ರಲ್ಲಿ ಜಪಾನಿನಿಂದ ಗಂಡು ಗಿಡವನ್ನು ತಂದ ಮೇಲೆಯೇ ಚಳಿಗಾಲದ ತೋಟಗಳಲ್ಲಿ ಆ ಕೆಂಪು ಹಣ್ಣುಗಳು ಕಂಡದ್ದು. ನಿಮ್ಮ ಸ್ನೇಹಿತರ ಗಿಡವೂ ಒಂಟಿ ಹೆಣ್ಣೋ ಗಂಡೋ ಆಗಿರಬೇಕು. ನೀವು 'ವೇರಿಗೇಟ' ಎಂಬ ಹೆಣ್ಣು ಗಿಡಕ್ಕೆ ಜೊತೆಯಾಗಿ 'ಗೋಲ್ಡನ್ ಕಿಂಗ್' ಎಂಬ ಗಂಡು ಗಿಡವನ್ನು ನೆಡಬಹುದು. ಒಂದೇ ಗಿಡಕ್ಕೆ ಜಾಗವಿದ್ದರೆ 'ರೋಜಾನಿ' ಕೇಳಿ, ಅದರ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿವೆ, ಆದರೆ ಎಲೆಯಲ್ಲಿ ಚುಕ್ಕೆಗಳಿಲ್ಲ. ಹಣ್ಣು ತಿಂದರೆ ಹೊಟ್ಟೆ ಕೆಡುತ್ತದೆ, ನೋಟಕ್ಕಷ್ಟೇ ಇರಲಿ.

ಪ್ರಶ್ನೆ: ಬಾಲ್ಕನಿಯ ಕುಂಡದಲ್ಲಿ ಅಡುಗೆಯ ಲಾರೆಲ್ ಬೆಳೆಸಿದ್ದೇನೆ. ಎಲೆಗಳ ಅಂಚು ದಪ್ಪವಾಗಿ, ಹಳದಿಯಾಗಿ, ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತಿದೆ. ಇಂತಹ ಎಲೆಯನ್ನು ಅಡುಗೆಗೆ ಬಳಸಬಹುದೇ? — ಓದುಗರೊಬ್ಬರು, ಲಂಡನ್

ಉತ್ತರ: ಸುರುಳಿಯನ್ನು ಉಗುರಿನಿಂದ ಮೆಲ್ಲನೆ ಬಿಡಿಸಿ ನೋಡಿ. ಒಳಗೆ ಅರಳೆಯ ಎಳೆಗಳಂತಹ ಬಿಳಿ ಮೇಣದ ನಡುವೆ ಬೂದುಬಣ್ಣದ ಚಿಕ್ಕ ಮರಿಗಳು ಸಿಗುತ್ತವೆ. ಲಾರೆಲ್ ಗಿಡವನ್ನೇ ಹುಡುಕಿ ಬರುವ ರಸ ಹೀರುವ ಕೀಟವಿದು. ಸುರುಳಿಗೊಂಡ ಎಲೆಗಳನ್ನು ಕಿತ್ತು ಎಸೆಯಿರಿ. ಕೀಟ ತಗುಲದ ಎಲೆಗಳನ್ನು ತೊಳೆದು ಬಳಸಲು ಅಡ್ಡಿಯಿಲ್ಲ. ತಿನ್ನುವ ಎಲೆಯಾದ್ದರಿಂದ ಕೀಟನಾಶಕದ ಹತ್ತಿರ ಹೋಗಬೇಡಿ. ಕುಂಡದ ಲಾರೆಲ್‌ಗೆ ನಿಜವಾದ ಶತ್ರು ಚಳಿಗಾಲ: ನೆಲದಲ್ಲಿದ್ದರೆ ತಡೆಯುವ ಹಿಮವನ್ನು ಕುಂಡದ ಬೇರು ತಡೆಯುವುದಿಲ್ಲ. ನವೆಂಬರಿನಲ್ಲಿ ಕುಂಡವನ್ನು ಗೋಡೆಗೆ ಒತ್ತಿಟ್ಟು, ಗೋಣಿಯನ್ನು ಸುತ್ತಿ, ತಳಕ್ಕೆ ಇಟ್ಟಿಗೆ ಚೂರು ಕೊಟ್ಟು ಎತ್ತರಿಸಿದರೆ ನೀರು ಬಸಿದುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕಿ.

ಪ್ರಶ್ನೆ: ಮನೆಯ ಗೋಡೆಗೆ ಒತ್ತಿ ನೆಟ್ಟ ಮೌಂಟನ್ ಲಾರೆಲ್‌ನ ಎಲೆಗಳು ಹಳದಿಯಾಗುತ್ತಿವೆ, ಮೊಗ್ಗಿಲ್ಲ. ಊರಿನ ರೂಢಿಯಂತೆ ಬುಡಕ್ಕೆ ಬೂದಿ, ಮೊಟ್ಟೆಯ ಚಿಪ್ಪಿನ ಪುಡಿ ಹಾಕುತ್ತಿದ್ದೇನೆ. — ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ದಯವಿಟ್ಟು ಬೂದಿ ಮತ್ತು ಚಿಪ್ಪನ್ನು ಇಂದೇ ನಿಲ್ಲಿಸಿ. ನಮ್ಮ ಬದನೆ, ಟೊಮೆಟೊ ಗಿಡಗಳಿಗೆ ಒಗ್ಗುವ ಆ ಉಪಚಾರ ಈ ಗಿಡಕ್ಕೆ ಹಾನಿಕರ. ಮೌಂಟನ್ ಲಾರೆಲ್, ಅಂದರೆ ಕಾಲ್ಮಿಯ ಲ್ಯಾಟಿಫೋಲಿಯ, ಅಮೆರಿಕದ ಪೂರ್ವ ಭಾಗದ ಬೆಟ್ಟಗಳ ಗಿಡ, ನಿಮ್ಮ ನ್ಯೂಜೆರ್ಸಿಯ ಕಾಡುಗಳದ್ದೂ ಹೌದು. ಕನೆಕ್ಟಿಕಟ್ ಮತ್ತು ಪೆನ್ಸಿಲ್ವೇನಿಯಗಳಿಗೆ ಇದು ರಾಜ್ಯಪುಷ್ಪ. ಇದಕ್ಕೆ ಬೇಕಾದದ್ದು ಹುಳಿಮಣ್ಣು, ರಸಸಾರ (pH) 4.5ರಿಂದ 5.5ರ ಒಳಗೆ. ಬೂದಿ, ಮೊಟ್ಟೆಯ ಚಿಪ್ಪು ಎರಡೂ ಸುಣ್ಣವನ್ನು ಹೆಚ್ಚಿಸುತ್ತವೆ. ಅದಕ್ಕಿಂತ ಮುಖ್ಯವಾಗಿ ತಳಪಾಯದ ಕಾಂಕ್ರೀಟಿನಿಂದ ಪ್ರತಿ ಮಳೆಗೂ ಸುಣ್ಣ ಮಣ್ಣಿಗೆ ಇಳಿಯುತ್ತದೆ. ಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಎಬ್ಬಿಸಿ, ಗೋಡೆಯಿಂದ ದೂರ, ಅರೆನೆರಳಿನಲ್ಲಿ ನೆಡಬಹುದು. ಮೊದಲು ಇದ್ದಷ್ಟೇ ಆಳಕ್ಕೆ ನೆಟ್ಟು, ಪೈನ್ ಮರದ ತೊಗಟೆ ಅಥವಾ ಸೂಜಿ ಎಲೆಗಳನ್ನು ಹೊದಿಸಿ.

ಹೂ ಬಿಟ್ಟ ದಿನ ಒಂದು ಹೂವನ್ನು ಹತ್ತಿರದಿಂದ ನೋಡಬೇಕೆಂದು ನನ್ನ ಆಸೆ. ಹೂವಿನ ಬಟ್ಟಲಿನ ಒಳಗೋಡೆಯಲ್ಲಿ ಹತ್ತು ಪುಟ್ಟ ಗೂಡುಗಳಿದ್ದು, ಹತ್ತು ಕೇಸರಗಳು ಬಿಲ್ಲಿನಂತೆ ಹಿಂದಕ್ಕೆ ಬಾಗಿ ತಮ್ಮ ತುದಿಗಳನ್ನು ಆ ಗೂಡುಗಳಲ್ಲಿ ಸಿಕ್ಕಿಸಿಕೊಂಡಿರುತ್ತವೆ. ದುಂಬಿ ಕಾಲಿಟ್ಟ ಕೂಡಲೇ ಒಂದೊಂದಾಗಿ ಚಿಮ್ಮಿ ಅದರ ಮೈಗೆ ಪರಾಗ ಎರಚುತ್ತವೆ. ಹುಲ್ಲುಕಡ್ಡಿಯಿಂದ ಮುಟ್ಟಿದರೂ ಸಾಕು. ಮಕ್ಕಳಿಗೆ ತೋರಿಸಿ, ಆದರೆ ಈ ಗಿಡದ ಎಲೆ, ಹೂ, ಮಕರಂದ ಎಲ್ಲವೂ ವಿಷವಾದ್ದರಿಂದ ಕೈ ತೊಳೆಸಿ.

ಪ್ರಶ್ನೆ: ಇಲ್ಲಿ ಇಂಗ್ಲಿಷ್ ಲಾರೆಲ್ ನೆಡಬಾರದೆಂದು ಹೇಳುತ್ತಾರೆ. ನಿಷೇಧವಿದೆಯೇ? — ಓದುಗರೊಬ್ಬರು, ಸಿಯಾಟಲ್

ಉತ್ತರ: ಅಲ್ಲಿ ಇಂಗ್ಲಿಷ್ ಲಾರೆಲ್ ಎನ್ನುವುದು ಚೆರ್ರಿ ಲಾರೆಲ್‌ಗೇ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ಯುತ್ತವೆ, ನಿಮ್ಮ ಕಡೆಯ ತಂಪು ಹವೆಯಲ್ಲಿ ಅದು ನೆಲಮಟ್ಟದ ಸ್ಥಳೀಯ ಗಿಡಗಳನ್ನು ನೆರಳಿನಿಂದ ಮುಚ್ಚಿಹಾಕುತ್ತದೆ. ಇರುವ ಬೇಲಿಯನ್ನು ಕೀಳಲೇಬೇಕೆಂಬ ಕಡ್ಡಾಯವಿಲ್ಲವಾದರೂ ಹೊಸದಾಗಿ ನೆಡದಿರುವುದೇ ಸರಿ. ಆ ಸೀಮೆಯದೇ ಆದ ಪೆಸಿಫಿಕ್ ವ್ಯಾಕ್ಸ್ ಮಿರ್ಟಲ್, ನಿತ್ಯಹಸಿರಿನ ಹಕಲ್‌ಬೆರ್ರಿ ಒಳ್ಳೆಯ ಬೇಲಿಯಾಗುತ್ತವೆ. ಎರಡನೆಯದರ ಹಣ್ಣು ಮಕ್ಕಳೂ ತಿನ್ನಬಹುದಾದದ್ದು.

ಪ್ರಶ್ನೆ: 30x40 ನಿವೇಶನದ ಮನೆಯ ಕಾಂಪೌಂಡಿನ ಉದ್ದಕ್ಕೂ ವಿದೇಶದ ಚಿತ್ರಗಳಲ್ಲಿ ಕಾಣುವಂತಹ ಲಾರೆಲ್ ಬೇಲಿ ಬೇಕು. ನರ್ಸರಿಯಲ್ಲಿ ಇಂಡಿಯನ್ ಲಾರೆಲ್ ಎಂಬುದನ್ನು ತೋರಿಸಿದರು. — ಓದುಗರೊಬ್ಬರು, ಬೆಂಗಳೂರು

ಉತ್ತರ: ಚಿತ್ರಗಳಲ್ಲಿ ನೀವು ಕಂಡದ್ದು ಚೆರ್ರಿ ಲಾರೆಲ್, ಅದು ಚಳಿಸೀಮೆಯ ಗಿಡ, ಬೆಂಗಳೂರಿಗೆ ಹೇಳಿದ್ದಲ್ಲ. ನರ್ಸರಿಯವರು ತೋರಿಸಿದ್ದು ಫೈಕಸ್ ಮೈಕ್ರೋಕಾರ್ಪ, ಆಲ ಮತ್ತು ಅತ್ತಿಯ ಸೋದರ. ಸವರಿದಷ್ಟೂ ಒತ್ತಾಗಿ ಬೆಳೆದು ಚೆನ್ನಾಗಿ ಕಾಣುತ್ತದೆ ಎಂಬುದು ನಿಜ. ಆದರೆ ಮೇಲೆ ಎಷ್ಟು ಸವರಿದರೂ ಕೆಳಗೆ ಬೇರು ಆಲದ ಬೇರೇ. ಕಾಂಪೌಂಡಿನ ಅಡಿಪಾಯ, ಸಂಪು, ಒಳಚರಂಡಿಯ ಪೈಪುಗಳಿಗೆ ಅದು ನುಗ್ಗಿದ ಮೇಲೆ ದುರಸ್ತಿಗೆ ತಗಲುವ ಖರ್ಚು ಗಿಡದ ಬೆಲೆಯ ನೂರಾರು ಪಟ್ಟು. ಎಲೆಗಳು ದೋಣಿಯಂತೆ ಮಡಚಿಕೊಂಡು ಒಳಗೆ ಕಪ್ಪು ನುಸಿಗಳು ತುಂಬುವುದೂ ಈ ಗಿಡದ ಸಾಮಾನ್ಯ ಬಾಧೆ. ಚಿಕ್ಕ ನಿವೇಶನದಲ್ಲಿ ಇದನ್ನು ನೆಡಬೇಡಿ ಎಂದು ಒತ್ತಿ ಹೇಳುತ್ತೇನೆ. ಕರಿಬೇವಿನ ಹತ್ತಿರದ ಬಂಧುವಾದ, ಬಿಳಿ ಹೂವಿನ ಘಮ ಬೀರುವ ಕಾಮಿನಿ ಗಿಡ ಆ ಜಾಗಕ್ಕೆ ಹೇಳಿ ಮಾಡಿಸಿದಂತಿದೆ.

ಹೆಸರಿನ ಗೊಂದಲ ನಮ್ಮಲ್ಲೂ ಕಡಿಮೆಯೇನಲ್ಲ. ಮರದ ವ್ಯಾಪಾರದಲ್ಲಿ ಇಂಡಿಯನ್ ಲಾರೆಲ್ ಎಂದರೆ ಮೊಸಳೆಯ ಬೆನ್ನಿನಂತಹ ತೊಗಟೆಯ ನಮ್ಮ ಮತ್ತಿ ಮರ. ಅಲೆಕ್ಸಾಂಡ್ರಿಯನ್ ಲಾರೆಲ್ ಎಂದು ಇಂಗ್ಲಿಷ್ ಪುಸ್ತಕಗಳು ಕರೆಯುವುದು ಕರಾವಳಿಯ ಸುರಹೊನ್ನೆಯನ್ನು. ಫ್ರೆಂಚರಿಗೆ ಗುಲಾಬಿ ಲಾರೆಲ್ ಎಂದರೆ ನಮ್ಮ ಕಣಗಿಲೆ. ಇವುಗಳಲ್ಲಿ ಒಂದೂ ಲಾರೆಲ್ ಕುಟುಂಬದ್ದಲ್ಲ. ನಿಜವಾಗಿಯೂ ಆ ಕುಟುಂಬಕ್ಕೆ ಸೇರಿದ ಗಿಡಗಳು ನಮಗೆ ಬೇರೆ ಹೆಸರುಗಳಲ್ಲಿ ಪರಿಚಿತ: ದಾಲ್ಚಿನ್ನಿ, ಕರ್ಪೂರದ ಮರ, ಬೆಣ್ಣೆಹಣ್ಣು.

ಪ್ರಶ್ನೆ: ಧಾರವಾಡದಲ್ಲಿರುವ ತಂದೆಯವರಿಗೆ ತೋಟವೆಂದರೆ ಪ್ರಾಣ. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಅಡುಗೆಯ ಲಾರೆಲ್‌ನ ಸಸಿಯೊಂದನ್ನು ಸಾಮಾನಿನ ಜೊತೆ ಒಯ್ಯಬಹುದೇ? — ಓದುಗರೊಬ್ಬರು, ಬ್ರಿಸ್ಟಲ್

ಉತ್ತರ: ಒಯ್ಯುವಂತಿಲ್ಲ. ಹೊರದೇಶದಿಂದ ಜೀವಂತ ಗಿಡ ತರಲು 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಭಾರತ ಸರ್ಕಾರದ ಆಮದು ಪರವಾನಗಿಯೂ, ಹೊರಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಒಂದು ಸಸಿಯ ಬೇರುಮಣ್ಣಿನಲ್ಲಿ ಬರುವ ರೋಗ ಎಷ್ಟೋ ರೈತರ ಬೆಳೆಗೆ ಹಬ್ಬಬಹುದಾದ್ದರಿಂದ ಈ ನಿಯಮ ನ್ಯಾಯವಾದದ್ದೇ. ಅಲ್ಲದೆ, ಒಣ ಬೇಸಿಗೆಯ ನಾಡಿನ ಆ ಗಿಡದ ಬೇರು ನಮ್ಮ ಮಳೆಗಾಲದ ನೀರು ನಿಂತ ಮಣ್ಣಿನಲ್ಲಿ ಸುಲಭವಾಗಿ ಕೊಳೆಯುತ್ತದೆ. ಊರಿಗೆ ಹೋದ ಮೇಲೆ ಶಿರಸಿ ಕಡೆಯ ನರ್ಸರಿಯೊಂದರಿಂದ ದಾಲ್ಚಿನ್ನಿ ಸಸಿಯನ್ನು ತಂದು ತಂದೆಯವರ ಕೈಗೆ ಕೊಡಿ. ಕೊಳ್ಳುವಾಗ ಎಲೆಯ ಮೂರು ನರಗಳನ್ನು ನೋಡಿಕೊಳ್ಳಿ, ಏಕೆಂದರೆ ಆ ಕಡೆ ಸರ್ವಸಾಂಬಾರದ ಸಸಿಯನ್ನೂ ಪಲಾವ್ ಎಲೆಯ ಗಿಡವೆಂದೇ ಕೊಡುವುದುಂಟು. ಅದೂ ಅಡುಗೆಗೆ ಬರುತ್ತದೆ, ಆದರೆ ಅದು ನೇರಳೆಯ ಕುಟುಂಬದ್ದು. ದಾಲ್ಚಿನ್ನಿಯ ಹೊಸ ಚಿಗುರು ಮೊದಲು ಕೆಂಪಾಗಿ ಹೊಮ್ಮಿ, ನಂತರ ಹಸಿರಾಗುತ್ತದೆ. ಮೊದಲ ಬೇಸಿಗೆಯಲ್ಲಿ ಧಾರವಾಡದ ಮಧ್ಯಾಹ್ನದ ಬಿಸಿಲಿಗೆ ಅಡಿಕೆ ಸೋಗೆಯ ಮರೆ ಕಟ್ಟಿ, ವಾರಕ್ಕೆರಡು ಸಲ ನೀರು ಹಾಕಲು ತಂದೆಯವರಿಗೆ ತಿಳಿಸಿ.